ಎಂಸಿಬಿ ಬೀಳ್ತಿದೆಯಾ? ದೊಡ್ಡದು ಹಾಕೋ ಮುಂಚೆ ವೈರ್ ನೋಡಿ

ತೋಟಗಾರಿಕೆ ಓದಿದವನಿಗೆ ಕರೆಂಟಿನ ಉಸಾಬರಿ ಯಾಕೆ ಅನ್ನಬೇಡಿ. ಹೋದ ಬೇಸಿಗೆಯಲ್ಲಿ ನಮ್ಮ ಕೊಟ್ಟಿಗೆಗೆ ಬೆಂಕಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ತಪ್ಪು ನನ್ನದೇ.

ಕೊಟ್ಟಿಗೆಯಲ್ಲಿ ಮೊದಲು ಇದ್ದದ್ದು ಎರಡು ಬಲ್ಬು, ಒಂದು ಫ್ಯಾನು. ಅದಕ್ಕೆ 1.5 ಚದರ ಮಿ.ಮೀ. ತಾಮ್ರದ ವೈರ್ ಎಳೆದಿದ್ದರು. ಆಮೇಲೆ ಅದೇ ಲೈನಿಗೆ 2 ಎಚ್‌ಪಿ ಮೇವು ಕತ್ತರಿಸುವ ಯಂತ್ರ ಬಂತು, ಕ್ಯಾನ್ ತೊಳೆಯೋ ನೀರಿಗೆ 2000 ವಾಟ್ ಹೀಟರ್ ಬಂತು. ಯಂತ್ರಕ್ಕೆ ಸುಮಾರು 12 ಆಂಪಿಯರ್, ಹೀಟರಿಗೆ 9. ಎರಡೂ ಒಟ್ಟಿಗೆ ಓಡಿದರೆ 21. ಬೋರ್ಡಿನ 16 ಆಂಪಿಯರ್ ಎಂಸಿಬಿ ಸ್ವಲ್ಪ ಹೊತ್ತಿಗೆ ಬೀಳುತ್ತಿತ್ತು. ಪೇಟೆಯಿಂದ 32ರದ್ದು ತಂದು ಹಾಕಿಸಿದೆ. ಬೀಳೋದು ನಿಂತೇಹೋಯ್ತು!

ನಾಲ್ಕನೇ ದಿನ ಹಾಲು ಕರೆಯಲು ಹೋದ ಅಮ್ಮ, "ಏನೋ ಸುಟ್ಟ ವಾಸನೆ ಬರ್ತಿದೆ ಕಣೋ, ಬೇಗ ಬಾ" ಅಂತ ಕೂಗಿದರು. ಮೇನ್ ಆಫ್ ಮಾಡಿ ಶೀಟಿನ ಕೆಳಗಿನ ಪೈಪ್ ಬಿಚ್ಚಿಸಿದರೆ, ವೈರುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿದ್ದವು, ಜಾಯಿಂಟ್ ಹತ್ತಿರ ಕಪ್ಪಾಗಿತ್ತು. ಪಕ್ಕದಲ್ಲೇ ಒಣಹುಲ್ಲು.

ಎಂಸಿಬಿ ಇರೋದು ಮೊದಲಿಗೆ ವೈರನ್ನು ಕಾಯಲಿಕ್ಕೆ. 32ರದ್ದಕ್ಕೆ 21 ಆಂಪಿಯರ್ ಏನೂ ಅಲ್ಲ, ಅದು ಸುಮ್ಮನಿರುತ್ತೆ. ವೈರ್ ಬೇಯುತ್ತೆ. ಹಾಗಾಗಿ ಯಂತ್ರ ಎಳೆಯುವ ಕರೆಂಟಿಗಿಂತ ಎಂಸಿಬಿ ದೊಡ್ಡದಿರಬೇಕು, ಎಂಸಿಬಿಗಿಂತ ವೈರಿನ ತಾಕತ್ತು ದೊಡ್ಡದಿರಬೇಕು.

ತಾಮ್ರದ ವೈರಿಗೆ ನಾನು ಈಗ ಪಾಲಿಸುವ ಲೆಕ್ಕ: 1.5ಕ್ಕೆ 10 ಆಂಪಿಯರ್, 2.5ಕ್ಕೆ 16, 4ಕ್ಕೆ 20ರಿಂದ 25, 6ಕ್ಕೆ 32. ಕಾದ ಶೀಟಿನ ಕೆಳಗೆ, ಒಂದೇ ಪೈಪಿನಲ್ಲಿ ಏಳೆಂಟು ವೈರ್ ತುರುಕಿದ್ದರೆ ಒಂದು ಸೈಜ್ ಮೇಲಕ್ಕೆ ಹೋಗಿ. ಲೈನ್ ಉದ್ದವಾಗಿದ್ದರೂ ಅಷ್ಟೇ, ಇಲ್ಲದಿದ್ದರೆ ವೋಲ್ಟೇಜ್ ಇಳಿದು ಮೋಟರ್ ಬಿಸಿಯಾಗುತ್ತೆ. ಅಲ್ಯೂಮಿನಿಯಂ ವೈರಿಗೆ ಈ ಲೆಕ್ಕ ಹಿಡಿಯಬೇಡಿ, ಅದು ಇನ್ನೂ ದಪ್ಪ ಬೇಕು. ಸೈಜನ್ನು ವೈರಿನ ಮೈಮೇಲೇ ಅಚ್ಚು ಹಾಕಿರ್ತಾರೆ. ಕಾಣದಿದ್ದರೆ ಮೇನ್ ಆಫ್ ಮಾಡಿ ಮೊಬೈಲಿನಲ್ಲಿ ಫೋಟೋ ತೆಗೆದು ಝೂಮ್ ಮಾಡಿ.

ಯಾವಾಗ ಬೀಳುತ್ತೆ ಅನ್ನೋದನ್ನೂ ಗಮನಿಸಿ. ಹತ್ತು ನಿಮಿಷ ಓಡಿದ ಮೇಲೆ ಬಿದ್ದರೆ ಲೋಡ್ ಜಾಸ್ತಿ. ಸ್ವಿಚ್ ಒತ್ತಿದ ಕ್ಷಣವೇ ಬಿದ್ದರೆ ಎಲ್ಲೋ ಶಾರ್ಟ್ ಇರಬಹುದು, ಇಲ್ಲವೇ ಮೋಟರ್ ಹೊರಡುವಾಗಿನ ಎಳೆತ. ಹೊರಡುವಾಗ ಮೋಟರು ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಅದಕ್ಕೇ ಮೋಟರಿಗೆ 'ಬಿ' ಬದಲು 'ಸಿ' ಮಾದರಿ ಹಾಕ್ತಾರೆ. ಎಂಸಿಬಿ ಮೇಲೆ 'ಸಿ 16' ಅಂತ ಇರೋ ಅಕ್ಷರ ಅದೇ.

ನಮ್ಮ ಎಲೆಕ್ಟ್ರಿಷಿಯನ್ ಹಳೇ ಲೈನ್ ಪೂರ್ತಿ ಕಿತ್ತರು. ಈಗ ಮೇವಿನ ಯಂತ್ರಕ್ಕೆ 4ರ ವೈರ್, 'ಸಿ 20'. ಹೀಟರಿಗೆ ಬೇರೆ 2.5ರ ವೈರ್, 16. ಬಲ್ಬಿಗೆ 1.5, 10. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಒಂದು ಹಾಕಿಸಿದ್ದೇನೆ. ಒದ್ದೆ ನೆಲದಲ್ಲಿ ನಿಂತ ಅಮ್ಮನಿಗೋ ಹಸುವಿಗೋ ಶಾಕ್ ಹೊಡೆದರೆ ಎಂಸಿಬಿಗೆ ಅದು ಗೊತ್ತಾಗೋದೇ ಇಲ್ಲ.