ಅಪ್ಪನ ಅಡಿಕೆಗೆ ಬೇಲಿ, ನನ್ನ ಕಿಟ್‌ಗೆ ಗೋಡೆ: ಆಮದು ಸುಂಕ ಯಾರ ಮಾತು ಕೇಳುತ್ತೆ?

2023ರ ಮಳೆಗಾಲ. ಭೀಮಸಮುದ್ರದ ಮನೆಯಲ್ಲಿದ್ದೆ. ಚಿತ್ರದುರ್ಗದಿಂದ ಕೊರಿಯರ್‌ನವರ ಫೋನ್ ಬಂತು. ಜಪಾನ್‌ನಿಂದ ಪಾರ್ಸೆಲ್ ಬಂದಿದೆ, ಕಸ್ಟಮ್ಸ್ ಸುಂಕ ಕಟ್ಟಿದರೆ ತಲುಪಿಸ್ತೀವಿ ಅಂದ್ರು. ಒಳಗಿದ್ದದ್ದು ಎರಡು ಪ್ಲಾಸ್ಟಿಕ್ ವಿಮಾನ. ಪೂರ್ತಿ ವಿಮಾನವೂ ಅಲ್ಲ, 1/72 ಅಳತೆಯ ಬಿಡಿಭಾಗಗಳ ಕಿಟ್. ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು ತಿಂಗಳುಗಟ್ಟಲೆ ಕೂತು ಕಟ್ಟಬೇಕು. ಇಂಜಿನಿಯರಿಂಗ್ ಓದುವಾಗ ಹತ್ತಿದ ಹುಚ್ಚು, ಇಂಜಿನಿಯರಿಂಗ್ ಬಿಟ್ಟರೂ ಬಿಟ್ಟಿಲ್ಲ.

ಎರಡು ಕಿಟ್‌ಗೆ 3,400 ರೂಪಾಯಿ, ಸಾಗಣೆಗೆ 600. ಸುಂಕ 3,091 ರೂಪಾಯಿ.

ಜಗಲಿ ಮೇಲೆ ಕೂತಿದ್ದ ಅಪ್ಪಾಜಿ ಕೇಳಿಸಿಕೊಂಡು, "ಆಟದ ಸಾಮಾನಿಗೆ ಏಳು ಸಾವಿರನಾ? ಸುಂಕ ಯಾಕೆ ಅಷ್ಟು?" ಅಂದ್ರು.

"ಹೊರಗಿನ ಮಾಲು ಅಲ್ವಾ ಅಪ್ಪಾಜಿ."

"ಹಂಗಾದ್ರೆ ಸರಿನೇ ಬಿಡು. ಹೊರಗಿಂದನ್ನ ಸುಮ್ನೆ ಬಿಟ್ರೆ ನಾವು ಉಳಿತೀವಾ?"

ಅವರು ಹೇಳಿದ್ದು ಅಡಿಕೆ ಬಗ್ಗೆ. ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಲೇಖನ ಆ ಉತ್ತರ ಹುಡುಕುವ ಪ್ರಯತ್ನ.

ಮೊದಲು ಅಪ್ಪಾಜಿಯ ಕಡೆಯ ವಾದ, ಯಾಕಂದ್ರೆ ಅದು ಗಟ್ಟಿಯಾಗಿದೆ. ಭೀಮಸಮುದ್ರದಲ್ಲಿ ಬೆಳಿಗ್ಗೆ ಎದ್ದು ಜನ ನೋಡೋದು ಹವಾಮಾನಕ್ಕಿಂತ ಮೊದಲು ಅಡಿಕೆ ಧಾರಣೆ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಕೆಂಪುಗೋಟು ಎಷ್ಟು. ಹೊರದೇಶದ ಅಡಿಕೆ ಈ ಧಾರಣೆಯನ್ನು ಕೆಡಿಸದಂತೆ ಎರಡು ಬೇಲಿಗಳಿವೆ. ಒಂದು, ಶೇ 100ರ ಆಮದು ಸುಂಕ. ಇನ್ನೊಂದು, ಕನಿಷ್ಠ ಆಮದು ಬೆಲೆ. 2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಇದನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅಂದ್ರೆ ಬಂದರಿಗೆ ಬಂದು ಮುಟ್ಟುವ ಹೊತ್ತಿಗೆ ಕಿಲೋಗೆ 351ಕ್ಕಿಂತ ಕಡಿಮೆ ಬೆಲೆ ತೋರಿಸುವ ಅಡಿಕೆಯನ್ನು ಆಮದು ಮಾಡುವಂತಿಲ್ಲ. ನಮ್ಮೂರಿನ ಭಾಷೆಯಲ್ಲಿ ಹೇಳೋದಾದ್ರೆ ಕ್ವಿಂಟಲ್‌ಗೆ 35,100.

ಶೇ 100 ಸುಂಕ ಇದ್ದ ಮೇಲೂ ಎರಡನೇ ಬೇಲಿ ಯಾಕೆ? ವ್ಯಾಪಾರ ಒಪ್ಪಂದಗಳ ದಾರಿ ತೆರೆದಿದೆ, ಅದಕ್ಕೆ. ಶ್ರೀಲಂಕಾದಂಥ ನೆರೆಯ ದೇಶಗಳಿಂದ ಒಪ್ಪಂದದ ಅಡಿ ಸುಂಕವಿಲ್ಲದೆ ತರಬಹುದು. ಬೇರೆ ಎಲ್ಲೋ ಬೆಳೆದ ಮಾಲು ಆ ದಾರಿಯಲ್ಲಿ ನುಸುಳುತ್ತೆ ಅನ್ನೋದು ಬೆಳೆಗಾರರ ಹಳೇ ದೂರು. ಕನಿಷ್ಠ ಬೆಲೆ ಬಂದ ಮೇಲೆ ಹೊಸ ಕಿಂಡಿ ಕಾಣಿಸಿತು. ಅಡಿಕೆಯನ್ನು ಹುರಿದು, ಅದನ್ನು ಸಂಸ್ಕರಿಸಿದ ಕಾಯಿಗಳ ಬೇರೆ ಶೀರ್ಷಿಕೆಯಲ್ಲಿ ತರೋದು. 2025ರ ಏಪ್ರಿಲ್‌ನಲ್ಲಿ ಹುರಿದ ಅಡಿಕೆಗೂ ಅದೇ 351 ರೂಪಾಯಿ ಷರತ್ತು ಹಾಕಿ ಆ ಕಿಂಡಿಯನ್ನೂ ಮುಚ್ಚಿದರು. ಹಸಿ ಅಡಿಕೆಗೆ ಮಾತ್ರ ಭೂತಾನ್‌ಗೆ 2022ರಲ್ಲಿ ಕೊಟ್ಟ ವರ್ಷಕ್ಕೆ 17,000 ಟನ್ ವಿನಾಯಿತಿ ಇದೆ. ಅದು ಬಂದಾಗ ಮಲೆನಾಡಿನಿಂದ ನಮ್ಮ ಬಯಲುಸೀಮೆವರೆಗೆ ಎದ್ದ ಗದ್ದಲ ನಿಮಗೆ ನೆನಪಿರಬಹುದು.

ನಾನು ಓದಿದ್ದು ಇದೇ ಬೇಲಿಯೊಳಗಿನ ದುಡ್ಡಲ್ಲಿ. ಹಾಗಾಗಿ 'ಸುಂಕ ಅಂದ್ರೇನೇ ಅನ್ಯಾಯ' ಅನ್ನೋ ಟ್ವಿಟರ್ ಪಂಡಿತರ ಮಾತಿಗೆ ತಲೆ ಆಡಿಸೋಕೆ ನನ್ನಿಂದ ಆಗಲ್ಲ.

ಈಗ ನನ್ನ ಪಾರ್ಸೆಲ್‌ನ ಲೆಕ್ಕ. ಅಂಚೆ ಅಥವಾ ವಿಮಾನದಲ್ಲಿ ಸ್ವಂತ ಬಳಕೆಗೆ ತರಿಸುವ ವಸ್ತುಗಳಿಗೆ ಕಸ್ಟಮ್ಸ್ ಪಟ್ಟಿಯಲ್ಲಿ 9804 ಅನ್ನೋ ಒಂದು ಶೀರ್ಷಿಕೆ ಇದೆ. ಒಳಗೆ ಏನಿದೆ ಅನ್ನೋದು ಅಲ್ಲಿ ಮುಖ್ಯ ಅಲ್ಲ, ಬಹುತೇಕ ಎಲ್ಲಕ್ಕೂ ಒಂದೇ ದರ. 2023ರಲ್ಲಿ ಆ ದರ ಹೀಗಿತ್ತು: ಮೂಲ ಸುಂಕ ಶೇ 35. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್. ಇವೆಲ್ಲ ಸೇರಿಸಿ ಬಂದ ಮೊತ್ತದ ಮೇಲೆ ಶೇ 28 ಜಿಎಸ್‌ಟಿ. 4,000ಕ್ಕೆ 1,400, ಅದರ ಮೇಲೆ 140, ಒಟ್ಟು 5,540. ಅದಕ್ಕೆ ಶೇ 28 ಅಂದ್ರೆ 1,551. ಒಟ್ಟು 3,091. ಶೇಕಡಾವಾರು ಹೇಳಿದರೆ 77.28. ತೆರಿಗೆಯ ಮೇಲೆ ತೆರಿಗೆ ಬಿದ್ದದ್ದನ್ನು ಗಮನಿಸಿ. ಸಾಗಣೆಯ 600 ರೂಪಾಯಿಗೂ ಸುಂಕ ಬಿದ್ದಿದೆ, ಯಾಕಂದ್ರೆ ಸುಂಕ ಲೆಕ್ಕ ಹಾಕೋದು ಮಾಲಿನ ಬೆಲೆ, ಸಾಗಣೆ, ವಿಮೆ ಮೂರೂ ಸೇರಿದ ಮೌಲ್ಯದ ಮೇಲೆ.

ಹಾಗಾದ್ರೆ ಅಂಗಡಿಯಲ್ಲೇ ತಗೊಳ್ಳಬಹುದಲ್ಲ? ಅಂಗಡಿಯವನ ಕಥೆ ಇನ್ನೂ ಕಷ್ಟ. ಅವನು ವ್ಯಾಪಾರಕ್ಕೆ ತಂದರೆ ಈ ಕಿಟ್ 9503 ಶೀರ್ಷಿಕೆಗೆ ಹೋಗುತ್ತೆ. ಅದು ಆಟಿಕೆಗಳ ಶೀರ್ಷಿಕೆ. ಗೊಂಬೆ, ಒಗಟು, ಮೂರು ಚಕ್ರದ ಸೈಕಲ್ಲಿನ ಜೊತೆ 'ಅಳತೆಗೆ ಇಳಿಸಿದ ಮಾದರಿಗಳು' ಕೂಡ ಅದರಲ್ಲೇ. ಆಟಿಕೆಯ ಮೂಲ ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ ಹಾರಿತು, 2023ರಲ್ಲಿ 70 ಆಯಿತು. ಆಗಿನ ಶೇ 12 ಜಿಎಸ್‌ಟಿ ಸೇರಿಸಿದರೆ 4,000 ರೂಪಾಯಿ ಮಾಲಿಗೆ 3,616 ರೂಪಾಯಿ ತೆರಿಗೆ. ಇದರ ಮೇಲೆ 2021ರ ಜನವರಿಯಿಂದ ಆಟಿಕೆಗೆ ಬಿಐಎಸ್ ಪ್ರಮಾಣಪತ್ರ ಕಡ್ಡಾಯ. ಆ ಆದೇಶ 14 ವರ್ಷದೊಳಗಿನ ಮಕ್ಕಳು ಆಡುವ ವಸ್ತುಗಳಿಗೆ ಮಾತ್ರ. ಅಂಟು, ಚಾಕು, ಬಣ್ಣ ಬೇಕಾಗುವ ನನ್ನ ಕಿಟ್ ಮಕ್ಕಳ ಆಟಿಕೆ ಹೌದಾ ಅಲ್ವಾ? ವಾದ ಮಾಡಬಹುದು. ಆದರೆ ಹತ್ತು ಡಬ್ಬಿ ತರಿಸುವ ಸಣ್ಣ ಅಂಗಡಿಯವನು ಬಂದರಿನಲ್ಲಿ ನಿಂತು ವಾದ ಮಾಡ್ತಾನಾ? ತರಿಸೋದನ್ನೇ ಬಿಡ್ತಾನೆ.

ಆಟಿಕೆ ಸುಂಕದಿಂದ ಪ್ರಯೋಜನ ಆಗಿಲ್ಲ ಅಂತಲೂ ಹೇಳಲಾರೆ. 2014-15ಕ್ಕೆ ಹೋಲಿಸಿದರೆ 2022-23ರಲ್ಲಿ ಆಟಿಕೆ ಆಮದು ಶೇ 52 ಇಳಿದು ರಫ್ತು ಶೇ 239 ಏರಿದೆ ಅನ್ನೋದು ಸರ್ಕಾರದ ಲೆಕ್ಕ. ಅಗ್ಗದ ಪ್ಲಾಸ್ಟಿಕ್ ಗೊಂಬೆಗಳ ಎದುರು ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗೆ ಉಸಿರಾಡಲು ಜಾಗ ಸಿಗಲಿ ಅನ್ನೋದು ನನ್ನ ಆಸೆಯೂ ಹೌದು. ಆದರೆ ನಾನು ಜಪಾನ್ ಕಿಟ್ ತಗೊಳ್ಳದೆ ಇದ್ದರೆ ಆ ದುಡ್ಡಲ್ಲಿ ಚನ್ನಪಟ್ಟಣದ ಬುಗುರಿ ತಗೊಳ್ತೀನಿ ಅಂತ ಅಲ್ಲ. ಒಂದರ ಬದಲಿಗೆ ಇನ್ನೊಂದು ಬರೋದಿಲ್ಲ. ಅಡಿಕೆಯಲ್ಲಿ ಬರುತ್ತೆ. ಹೊರಗಿನ ಅಡಿಕೆ ಬಂದರೆ ಅಪ್ಪಾಜಿಯ ಅಡಿಕೆ ಉಳಿಯುತ್ತೆ, ಗೋದಾಮಿನಲ್ಲಿ. ಎರಡೂ ಸುಂಕಗಳ ಮುಖ್ಯ ವ್ಯತ್ಯಾಸ ಇಲ್ಲಿದೆ.

ಇದಕ್ಕಿಂತ ಬೇಸರದ್ದು ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಪಾಡು. ಇಂಟಿಗ್ರೇಟೆಡ್ ಸರ್ಕ್ಯೂಟ್, ಅಂದ್ರೆ ಚಿಪ್, ಕಂಪನಿಯೊಂದು ಆಮದು ಮಾಡಿದರೆ ಮೂಲ ಸುಂಕ ಸೊನ್ನೆ. ಭಾರತ 1997ರಲ್ಲಿ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದ ಫಲ ಅದು. ಜಿಎಸ್‌ಟಿ ಕಟ್ಟಿದರೆ ಸಾಕು, ಅದನ್ನೂ ಆಮೇಲೆ ತನ್ನ ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಅದೇ ಚಿಪ್ಪನ್ನು ಹೊಳಲ್ಕೆರೆಯ ಒಬ್ಬ ಡಿಪ್ಲೊಮಾ ಹುಡುಗ ತನ್ನ ರೇಡಿಯೊಗೆ ಅಂತ ಒಂದೇ ಒಂದು ತರಿಸಿದರೆ 9804, 2023ರಲ್ಲಿ ಅದು ಶೇ 77.28 ಇತ್ತು. ಕಂಪನಿಗೆ ಆಮದು ವ್ಯಾಪಾರದ ಐಇಸಿ ಸಂಖ್ಯೆ, ಕಸ್ಟಮ್ಸ್ ಏಜೆಂಟು ಎಲ್ಲ ಇವೆ. ಹುಡುಗನಿಗೆ ಇರೋದು ಆಧಾರ್ ಕಾರ್ಡು. ನಾನು ಓದುವಾಗ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗದ ಬಿಡಿಭಾಗಕ್ಕೆ ಪ್ರಾಜೆಕ್ಟನ್ನೇ ಬದಲಿಸಿದ ಗೆಳೆಯರಿದ್ದರು. ಅವರಲ್ಲಿ ಯಾರು ಏನಾಗುತ್ತಿದ್ದರೋ, ಲೆಕ್ಕ ಇಟ್ಟವರಿಲ್ಲ.

ಸುಂಕ ಹೆಚ್ಚಿರೋದಕ್ಕಿಂತ ಅದು ಯಾವಾಗ ಬದಲಾಗುತ್ತೆ ಅಂತ ಗೊತ್ತಾಗದಿರೋದು ಹವ್ಯಾಸಿಗೆ ಹೆಚ್ಚು ಪೆಟ್ಟು. ಮುಂಚೆ 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕ ಇರಲಿಲ್ಲ. ಚೀನಾದ ಶಾಪಿಂಗ್ ಆ್ಯಪ್‌ಗಳು ಮಾಲನ್ನೆಲ್ಲ 'ಗಿಫ್ಟ್' ಅಂತ ಕಳಿಸಿ ಆ ಕಿಂಡಿಯನ್ನು ಹೆಬ್ಬಾಗಿಲು ಮಾಡಿದವು. 2019ರ ಡಿಸೆಂಬರ್‌ನಲ್ಲಿ ಸರ್ಕಾರ ಮುಚ್ಚಿತು. ಉಳಿದದ್ದು ಜೀವರಕ್ಷಕ ಔಷಧಿ ಮತ್ತು ರಾಖಿ. ರಾಖಿ ಮಾತ್ರ, ಅದರ ಜೊತೆ ಅಕ್ಕ ಇಡುವ ಉಡುಗೊರೆ ಅಲ್ಲ! 2020ರ ನವೆಂಬರ್‌ನಲ್ಲಿ ಅಲಿಎಕ್ಸ್‌ಪ್ರೆಸ್ ನಿಷೇಧವಾಯಿತು. 2022ರ ಫೆಬ್ರುವರಿಯಲ್ಲಿ ತಯಾರಾದ ಡ್ರೋನ್‌ಗಳ ಆಮದು ನಿಂತಿತು, ಬಿಡಿಭಾಗಕ್ಕೆ ಅಡ್ಡಿಯಿಲ್ಲ. ಆರ್ಡರ್ ಮಾಡಿದ ದಿನದ ನಿಯಮ ಪಾರ್ಸೆಲ್ ಬಂದ ದಿನ ಇರುತ್ತೆ ಅನ್ನೋ ಖಾತ್ರಿ ಯಾರಿಗೂ ಇಲ್ಲ.

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಲ್ಲ. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಸುಂಕವೇ ಇರಲಿಲ್ಲ. 2025ರ ಆಗಸ್ಟ್ 29ಕ್ಕೆ ಅದು ಎಲ್ಲ ದೇಶಗಳಿಗೂ ಕೊನೆಯಾಯಿತು. ಸುಂಕ ಯಾರು ವಸೂಲಿ ಮಾಡಬೇಕು, ಹೇಗೆ ಕಟ್ಟಬೇಕು ಅನ್ನೋದೇ ಸ್ಪಷ್ಟ ಇಲ್ಲದೆ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಲ್ಲಿಗೆ ಹೆಚ್ಚಿನ ಪಾರ್ಸೆಲ್‌ಗಳನ್ನು ನಿಲ್ಲಿಸಿ, ಅಕ್ಟೋಬರ್ ಮಧ್ಯದಲ್ಲಿ ಮತ್ತೆ ಶುರು ಮಾಡಿತು. ಇಲ್ಲಿಂದ ಅಲ್ಲಿನ ಸಂಗ್ರಾಹಕರಿಗೆ ಹಳೇ ವಸ್ತು, ಕೈಕೆಲಸ ಕಳಿಸುತ್ತಿದ್ದವರು ಅಷ್ಟೂ ದಿನ ಕೈಕಟ್ಟಿ ಕೂತರು.

ಹಾಗಂತ ದರ ಬರೀ ಏರುತ್ತಲೇ ಇಲ್ಲ. ನಮ್ಮಲ್ಲಿ ಈಚೆಗೆ ಸದ್ದಿಲ್ಲದೆ ಇಳಿದಿದೆ. 2025ರ ಬಜೆಟ್‌ನಲ್ಲಿ 9804ರ ಮೂಲ ಸುಂಕ 35ರಿಂದ 20ಕ್ಕೆ ಬಂತು. ಅದೇ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆಯಲ್ಲಿ 28 ಇದ್ದದ್ದು 18 ಆಯಿತು. 2026ರ ಫೆಬ್ರುವರಿ 1ರ ಬಜೆಟ್ ಭಾಷಣದಲ್ಲಿ ನಿರ್ಮಲಾ ಸೀತಾರಾಮನ್ 20 ಇದ್ದದ್ದನ್ನು 10ಕ್ಕೆ ಇಳಿಸುವುದಾಗಿ ಹೇಳಿದರು. ಮೂಲ ಸುಂಕ ಮತ್ತು ಜಿಎಸ್‌ಟಿ ಮಾತ್ರ ಹಿಡಿದು ನೋಡಿದರೆ ನನ್ನ 4,000 ರೂಪಾಯಿ ಪಾರ್ಸೆಲ್‌ಗೆ ಮೊದಲು 2,912 ಆಗುತ್ತಿದ್ದದ್ದು ಈಗ 1,192. ಅರ್ಧಕ್ಕಿಂತ ಕಡಿಮೆ!

ಖುಷಿನೇ. ಆದರೆ ಇದನ್ನು ಕೇಳಿದ್ದು ಯಾರು, ಕೊಟ್ಟದ್ದು ಯಾಕೆ? ಅಡಿಕೆಯ 351ರ ಹಿಂದೆ ಕ್ಯಾಂಪ್ಕೊ, ಮ್ಯಾಮ್ಕೋಸ್‌ನಂಥ ಸಹಕಾರ ಸಂಸ್ಥೆಗಳ ಮನವಿಗಳಿದ್ದವು, ಸಂಸದರ ನಿಯೋಗಗಳಿದ್ದವು. ದಾವಣಗೆರೆಯಿಂದ ನಾಲ್ಕು ಸಲ ಲೋಕಸಭೆಗೆ ಹೋದ ಜಿ.ಎಂ. ಸಿದ್ದೇಶ್ವರ ನಮ್ಮ ಭೀಮಸಮುದ್ರದವರೇ, ಅಡಿಕೆ ವ್ಯಾಪಾರದ ಮನೆತನದವರು. ಹಾಗಾಗಿ ಆ ಸಂಖ್ಯೆ ಯಾಕೆ 351, ಸಾಲುತ್ತಾ, ಏರಬೇಕಾ ಅಂತ ನಮ್ಮೂರ ಹೋಟೆಲ್‌ನಲ್ಲೂ ಚರ್ಚೆ ಆಗುತ್ತೆ. 9804ರ ಬಗ್ಗೆ ಯಾವ ಹೋಟೆಲ್‌ನಲ್ಲೂ ಮಾತಿಲ್ಲ. ಹವ್ಯಾಸಿಗಳು ಚದುರಿದ ಜನ. ಒಬ್ಬ ದುರ್ಬೀನಿನವನು, ಒಬ್ಬ ಹ್ಯಾಮ್ ರೇಡಿಯೊದವಳು, ಒಬ್ಬ ಗಿಟಾರಿನವನು. ಸುಂಕ ಜಾಸ್ತಿಯಾದರೆ ಬೈದು ಸುಮ್ಮನಾಗ್ತೀವಿ, ಕಡಿಮೆಯಾದರೆ ಆರ್ಡರ್ ಮಾಡ್ತೀವಿ. ಕೇಳದೆ ಸಿಕ್ಕ ಇಳಿಕೆ ಹೇಳದೆ ವಾಪಸ್ ಹೋಗಬಹುದು.

ಕೇಳೋದಾದ್ರೆ ನಾನು ಸೊನ್ನೆ ಸುಂಕ ಕೇಳಲ್ಲ. ಉಡುಗೊರೆ ವಿನಾಯಿತಿಗೆ ಏನಾಯಿತು ಅಂತ ನೋಡಿದ್ದೀವಿ. ಕಂಪನಿಗೆ ಸೊನ್ನೆ ಇರುವ ವಸ್ತುವಿಗೆ ಹುಡುಗನಿಗೂ ಸೊನ್ನೆ ಇರಲಿ. ಆರ್ಡರ್ ಮಾಡುವ ಮುಂಚೆಯೇ ಸುಂಕ ಎಷ್ಟು ಅಂತ ಹೇಳುವ ಒಂದು ಸರ್ಕಾರಿ ಪುಟ ಕನ್ನಡದಲ್ಲೂ ಇರಲಿ. ದಾರಿಯಲ್ಲಿರುವ ಪಾರ್ಸೆಲ್‌ಗೆ ಹಳೇ ನಿಯಮವೇ ಅನ್ವಯಿಸಲಿ. ಇದರಲ್ಲಿ ಯಾವುದೂ ಅಪ್ಪಾಜಿಯ ಬೇಲಿಯ ಒಂದು ಗೂಟವನ್ನೂ ಕೀಳೋದಿಲ್ಲ.

ಬಜೆಟ್ ಆದ ವಾರ ಊರಿಗೆ ಹೋಗಿದ್ದೆ. ಊಟಕ್ಕೆ ಕೂತಾಗ ಅಪ್ಪಾಜಿಯೇ ವಿಷಯ ತೆಗೆದರು.

"ನಿನ್ನ ವಿಮಾನದ ಸುಂಕ ಇಳಿಸಿದ್ರಂತಲ್ಲ?"

"ಹೂಂ, ಇಳಿಸಿದ್ರು."

"ಅಡಿಕೇದು ಮುಟ್ಟಿಲ್ಲ ತಾನೇ?"

ಇಲ್ಲ ಅಂದೆ. "ಹಂಗಾದ್ರೆ ತರಿಸ್ಕೋ" ಅಂದ್ರು.