ಸದನಕ್ಕೆ ಹೇಳುವುದನ್ನು ನಮಗೇಕೆ ಹೇಳಬಾರದು?

ಡಿಸೆಂಬರ್ ಬಂತೆಂದರೆ ಎರಡು ಊರುಗಳಿಗೆ ಸರ್ಕಾರವೇ ಗಂಟುಮೂಟೆ ಕಟ್ಟಿಕೊಂಡು ಬರುತ್ತದೆ. ಒಂದು ನಮ್ಮ ಬೆಳಗಾವಿ, ಇನ್ನೊಂದು ಮಹಾರಾಷ್ಟ್ರದ ನಾಗಪುರ. ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟನೆಯಾದದ್ದು 2012ರಲ್ಲಿ. ನಾಗಪುರದ ಕಥೆ ಅದಕ್ಕಿಂತ ಹಳೆಯದು. ವಿದರ್ಭದವರು ಮರಾಠಿ ರಾಜ್ಯಕ್ಕೆ ಸೇರುವುದಾದರೆ ವರ್ಷಕ್ಕೆ ಒಂದು ಅಧಿವೇಶನವಾದರೂ ನಾಗಪುರದಲ್ಲಿ ನಡೆಯಬೇಕು ಎಂದು 1953ರ ನಾಗಪುರ ಒಪ್ಪಂದದಲ್ಲೇ ಮಾತಾಗಿತ್ತು. ರಾಜ್ಯ ಹುಟ್ಟಿದ 1960ರಿಂದ ಅದು ನಡೆದುಕೊಂಡು ಬಂದಿದೆ. ನಡುನಡುವೆ ಕೆಲವು ವರ್ಷ ತಪ್ಪಿದ್ದೂ ಉಂಟು. ಕೋವಿಡ್ ಕಾಲದ 2020 ಮತ್ತು 2021ರಲ್ಲಿ ಮುಂಬಯಿಯಲ್ಲೇ ಮುಗಿಸಿದರು.

ನಮ್ಮ ಮನೆಯವರಿರುವ ಮೌದಾ ಇದೇ ನಾಗಪುರ ಜಿಲ್ಲೆಯ ಒಂದು ತಾಲೂಕು. ಕನ್ಹಾನ್ ನದಿಯ ದಡದ ಊರು, 2320 ಮೆಗಾವ್ಯಾಟ್‌ನ ಉಷ್ಣ ವಿದ್ಯುತ್ ಸ್ಥಾವರ ಇರುವ ಊರು. ಅಧಿವೇಶನದ ದಿನಗಳಲ್ಲಿ ಇಲ್ಲಿನ ಚಹಾ ಅಂಗಡಿಗಳಲ್ಲಿ ಮೂರು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ: ತಾರಾಂಕಿತ, ಲಕ್ಷವೇಧಿ, ಮೋರ್ಚಾ. ತಾರಾಂಕಿತ ಅಂದರೆ ನಮ್ಮ ಚುಕ್ಕೆ ಗುರುತಿನ ಪ್ರಶ್ನೆ. ಲಕ್ಷವೇಧಿ ಅಂದರೆ ಗಮನ ಸೆಳೆಯುವ ಸೂಚನೆ. ಮೋರ್ಚಾ ಏನೆಂದು ಯಾರಿಗೂ ಹೇಳಬೇಕಾಗಿಲ್ಲ. ಮೊದಲ ಎರಡು ಸದನದ ಒಳಗಿನವು, ಮೂರನೆಯದು ಹೊರಗಿನದು. ಒಳಗೆ ಕೇಳುವವರು ಶಾಸಕರು, ಹೊರಗೆ ಕೇಳುವವರು ನಾವು ನೀವು. ಇವೆರಡರ ನಡುವೆ ಒಂದು ಬಾಗಿಲು ಇದೆಯೆ, ಇದ್ದರೆ ಅದು ತೆರೆದಿದೆಯೆ ಎಂಬುದೇ ಈ ಲೇಖನದ ವಿಷಯ.

ವಿರೋಧ ಪಕ್ಷ ಎಂದರೆ ಕೂಗಾಡಿ, ಕಾಗದ ಹರಿದು, ಸಭಾತ್ಯಾಗ ಮಾಡುವವರು ಅಂತ ನಮ್ಮಲ್ಲಿ ಬಹಳ ಜನರ ಎಣಿಕೆ. ಪತ್ರಿಕೆಗಳಲ್ಲಿ ದೊಡ್ಡದಾಗಿ ಬರುವುದೂ ಅದೇ. ಆದರೆ ಅವರ ನಿಜವಾದ ಆಯುಧ ಗದ್ದಲವಲ್ಲ, ಪ್ರಶ್ನೆ. ಮತ ಹಾಕಿಸಿದರೆ ಸಂಖ್ಯೆ ಕಡಿಮೆ ಇರುವವರು ಸೋಲುವುದು ಖಂಡಿತ. ಪ್ರಶ್ನೆಗೆ ಮಾತ್ರ ಸಂಖ್ಯೆ ಬೇಕಿಲ್ಲ. ಒಬ್ಬನೇ ಸದಸ್ಯ ಕೇಳಿದರೂ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಬಾಯಲ್ಲೇ ಉತ್ತರ ಹೇಳಬೇಕಾದ್ದರಿಂದ ಅದರ ಬಾಲ ಹಿಡಿದು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಸಿಗುತ್ತದೆ. ಎರಡೂ ಕಡತಕ್ಕೆ ಸೇರುತ್ತವೆ. ಸದನಕ್ಕೆ ಸುಳ್ಳು ಹೇಳಿದರೆ ಅದು ಹಕ್ಕುಚ್ಯುತಿಯ ವಿಷಯವಾಗುತ್ತದೆ.

ನಾನು ಓದುತ್ತಿರುವುದು ವಾಣಿಜ್ಯ. ಆದ್ದರಿಂದ ನನಗೆ ಇದು ಲೆಕ್ಕಪರಿಶೋಧನೆಯ ಹಾಗೆ ಕಾಣುತ್ತದೆ. ಕಂಪನಿಯ ಲೆಕ್ಕವನ್ನು ಮ್ಯಾನೇಜರೇ ಬರೆದು ಮ್ಯಾನೇಜರೇ ಸರಿಯಿದೆ ಎಂದರೆ ಯಾರು ನಂಬುತ್ತಾರೆ? ಹೊರಗಿನ ಆಡಿಟರ್ ರುಜು ಬೇಕು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ 22 ಸದಸ್ಯರು, ಮಂತ್ರಿಗಳಿಗೆ ಅಲ್ಲಿ ಜಾಗವಿಲ್ಲ. 1967ರಿಂದ ಅದರ ಅಧ್ಯಕ್ಷಗಿರಿ ವಿರೋಧ ಪಕ್ಷದವರಿಗೆ ಕೊಡುವ ಸಂಪ್ರದಾಯ ಬಂದದ್ದು ಈ ತತ್ವದಿಂದಲೇ. ಖರ್ಚು ಮಾಡಿದವನೇ ತನ್ನ ಖರ್ಚಿಗೆ ಟಿಕ್ಕು ಹಾಕಬಾರದು.

ಒಂದು ಪ್ರಶ್ನೆಯ ಬಲ ಎಷ್ಟೆಂಬುದಕ್ಕೆ ನಮ್ಮ ವಾಣಿಜ್ಯದವರೇ ನೆನೆಯಬೇಕಾದ ಪ್ರಕರಣ 1957ರ ಮುಂಧ್ರಾ ಹಗರಣ. ಜೀವ ವಿಮಾ ನಿಗಮ ಹುಟ್ಟಿ ಆಗ ಒಂದು ವರ್ಷವೂ ತುಂಬಿರಲಿಲ್ಲ. ಹರಿದಾಸ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳನ್ನು ಅದು ಸುಮಾರು ಒಂದೂಕಾಲು ಕೋಟಿ ರೂಪಾಯಿಗೆ ಕೊಂಡಿತು. ಪಾಲಿಸಿದಾರರ ಹಣ! ಲೋಕಸಭೆಯಲ್ಲಿ ಫಿರೋಜ್ ಗಾಂಧಿ ಇದನ್ನು ಹಿಡಿದು ಎಳೆದರು. ಅವರು ಆಡಳಿತ ಪಕ್ಷದವರೇ, ಪ್ರಧಾನಿ ನೆಹರೂ ಅವರ ಅಳಿಯ ಬೇರೆ. ಆದರೆ ಮಾಡಿದ ಕೆಲಸ ವಿರೋಧ ಪಕ್ಷದ್ದು. ನ್ಯಾಯಮೂರ್ತಿ ಛಾಗ್ಲಾ ಅವರ ಆಯೋಗ ಬಹಿರಂಗ ವಿಚಾರಣೆ ನಡೆಸಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಎಲ್ಲ ಪ್ರಶ್ನೆಗೂ ಇಷ್ಟು ಬೇಗ ಫಲ ಸಿಗುವುದಿಲ್ಲ. ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ. ಮರು ವರ್ಷ ಸಾಗರ–ಹೊಸನಗರದಿಂದ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಮೈಸೂರು ವಿಧಾನಸಭೆಗೆ ಆರಿಸಿ ಬಂದರು. ಅವರ ಪಕ್ಷದ ಸಂಖ್ಯಾಬಲ ಬೆರಳೆಣಿಕೆಯದು. ಆದರೂ ಗೇಣಿದಾರರ ಪಾಡನ್ನು ಸದನದಲ್ಲಿ ಎತ್ತುವುದನ್ನು ಅವರು ಬಿಡಲಿಲ್ಲ. ಗೇಣಿ ಪದ್ಧತಿಯನ್ನೇ ತೆಗೆದುಹಾಕಿದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚಿಯಲ್ಲಿ, ದೇವರಾಜ ಅರಸರ ಕಾಲದಲ್ಲಿ. ಗೋಪಾಲಗೌಡರು 1972ರಲ್ಲೇ ತೀರಿಕೊಂಡಿದ್ದರು. ಬಿತ್ತಿದವರೊಬ್ಬರು, ಕೊಯ್ದವರೊಬ್ಬರು.

ಪ್ರಶ್ನೆಗೆ ಸಿಕ್ಕ ಉತ್ತರ 'ಗೊತ್ತಿಲ್ಲ' ಎಂದಾದರೆ? ಅದಕ್ಕೂ ಬೆಲೆಯಿದೆ. 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಕೋವಿಡ್ ಕಾರಣ ಹೇಳಿ ಸಂಸತ್ತಿನ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು. ವಿರೋಧ ಪಕ್ಷದವರು ಬೊಬ್ಬೆ ಹಾಕಿದ ಮೇಲೆ ಲಿಖಿತ ಉತ್ತರಗಳು ಉಳಿದವು. ಲಾಕ್‌ಡೌನ್‌ನಲ್ಲಿ ಊರಿಗೆ ನಡೆದು ಹೋಗುತ್ತಾ ಸತ್ತ ಕೂಲಿ ಕಾರ್ಮಿಕರೆಷ್ಟು ಎಂಬ ಪ್ರಶ್ನೆಗೆ ಕಾರ್ಮಿಕ ಇಲಾಖೆ ಕೊಟ್ಟ ಲಿಖಿತ ಉತ್ತರ, ಅಂಥ ಅಂಕಿಅಂಶ ಇಟ್ಟಿಲ್ಲ ಎಂದು. ಲೆಕ್ಕವೇ ಬರೆಯಲಿಲ್ಲ ಎಂದು ಸರ್ಕಾರವೇ ರುಜು ಹಾಕಿ ಒಪ್ಪಿದ ಹಾಗಾಯಿತು. ಕೇಳದೆ ಹೋಗಿದ್ದರೆ ಅದೂ ದಾಖಲೆಯಾಗುತ್ತಿರಲಿಲ್ಲ.

ಇನ್ನು ಹೊರಗಿನವರ ಮಾತು. 1994ರ ನವೆಂಬರ್ 23ರಂದು ನಾಗಪುರದಲ್ಲಿ ಅಧಿವೇಶನ ನಡೆಯುತ್ತಿತ್ತು. ಪರಿಶಿಷ್ಟ ಪಂಗಡದ ಸ್ಥಾನ ಬೇಡಿ ಗೋವಾರಿ ಸಮುದಾಯದವರು ಸಾವಿರಗಟ್ಟಲೆ ಮೋರ್ಚಾ ಬಂದಿದ್ದರು. ಪೊಲೀಸರ ಲಾಠಿಯ ನಂತರದ ನೂಕುನುಗ್ಗಲಿನಲ್ಲಿ 114 ಮಂದಿ ಸತ್ತರು. ಹೆಚ್ಚಿನವರು ಹೆಂಗಸರು ಮಕ್ಕಳು. ಅವರ ಸ್ಮಾರಕ ಸೀತಾಬರ್ಡಿಯಲ್ಲಿದೆ, ಮೇಲ್ಸೇತುವೆಗೆ ಹುತಾತ್ಮ ಗೋವಾರಿಗಳ ಹೆಸರಿಟ್ಟಿದ್ದಾರೆ. ಸದನ ಕೂಗಳತೆಯಲ್ಲಿತ್ತು. ಆದರೆ ಹೊರಗಿನವರು ಸರ್ಕಾರವನ್ನು ನೇರವಾಗಿ ಪ್ರಶ್ನಿಸಿ ಉತ್ತರ ಪಡೆಯುವ ಕಾನೂನು ಆಗ ದೇಶದಲ್ಲಿರಲಿಲ್ಲ.

ಆ ಕಾನೂನು ಬಂದದ್ದು ಮೆಟ್ಟಿಲು ಮೆಟ್ಟಿಲಾಗಿ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಹಳ್ಳಿಗಳಲ್ಲಿ ಜನಸುನವಾಯಿ ಸೇರಿಸಿ, ಕೂಲಿಯ ಹಾಜರಿ ಪಟ್ಟಿ ಓದಿ ಹೇಳತೊಡಗಿದರು. ಪಟ್ಟಿಯಲ್ಲಿ ಕೂಲಿ ಪಡೆದವರ ಹೆಸರಿರುತ್ತಿತ್ತು, ಎದುರಿಗೆ ಕೂತವರು 'ನಾನು ಆ ಕೆಲಸಕ್ಕೆ ಹೋಗೇ ಇಲ್ಲ' ಎನ್ನುತ್ತಿದ್ದರು. ಹೆಸರು ಓದಿದ್ದರಿಂದಲೇ ಕಳ್ಳಲೆಕ್ಕ ಸಿಕ್ಕಿಬಿತ್ತು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಇದರ ಅಗತ್ಯ ಬರುತ್ತದೆ. ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾನೂನು ಮಾಡಿತು. ಮಹಾರಾಷ್ಟ್ರದ ಬಲವಾದ ಕಾನೂನು 2002ರಲ್ಲಿ ಸುಗ್ರೀವಾಜ್ಞೆಯಾಗಿ ಬಂತು. ಇಡೀ ದೇಶದ ಕಾನೂನು 2005ರ ಅಕ್ಟೋಬರ್ 12ರಿಂದ ಜಾರಿಯಾಯಿತು.

ಆ ಕಾನೂನಿನ 8ನೇ ಪ್ರಕರಣದಲ್ಲಿ ಕೊಡಬೇಕಾಗಿಲ್ಲದ ಮಾಹಿತಿಗಳ ಪಟ್ಟಿಯಿದೆ. ಅದರ ಕೊನೆಯ 'ಜೆ' ಖಂಡ ವೈಯಕ್ತಿಕ ಮಾಹಿತಿಯದು. ಸಾರ್ವಜನಿಕ ಕೆಲಸಕ್ಕೆ ಸಂಬಂಧವೇ ಇಲ್ಲದ, ಒಬ್ಬರ ಖಾಸಗಿತನಕ್ಕೆ ಸುಮ್ಮನೆ ಕೈ ಹಾಕುವ ಮಾಹಿತಿ ಕೊಡಬೇಕಾಗಿಲ್ಲ. ದೊಡ್ಡ ಸಾರ್ವಜನಿಕ ಹಿತ ಇದ್ದರೆ ಕೊಡಬಹುದು ಎಂದು ಅದು ಹೇಳುತ್ತಿತ್ತು. ಅದರ ಕೆಳಗೆ ಒಂದು 'ಪರಂತು' ಇತ್ತು. ಸಂಸತ್ತಿಗೆ ಅಥವಾ ರಾಜ್ಯ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸತಕ್ಕದ್ದಲ್ಲ ಎಂಬುದು ಅದರ ಅರ್ಥ.

ಇದರಲ್ಲೇನು ಮಹಾ ಅಂತೀರಾ? ಆ ಒಂದು ವಾಕ್ಯ ಸಾಮಾನ್ಯ ಮನುಷ್ಯನನ್ನು ಶಾಸಕನ ಪಕ್ಕದಲ್ಲಿ ತಂದು ಕೂರಿಸಿತ್ತು. ಮೌದಾದ ರೈತನೊಬ್ಬ, ಸ್ಥಾವರದ ಹಾರುಬೂದಿ ವರ್ಷಕ್ಕೆಷ್ಟು ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಬೇಕೆಂದುಕೊಳ್ಳಿ. ಶಾಸಕರು ಕೇಳಿದರೆ ಸದನದಲ್ಲಿ ಉತ್ತರ ಸಿಗುತ್ತದೆ. ಶಾಸಕರಿಗೆ ಪುರುಸೊತ್ತಿಲ್ಲದಿದ್ದರೆ ರೈತನೇ 10 ರೂಪಾಯಿ ಕಟ್ಟಿ ಕೇಳಬಹುದು. ಸದನದ ಬಾಗಿಲು ಮತ್ತು ಜನರ ಬಾಗಿಲು ಒಂದೇ ಅಳತೆಯವು ಎಂದು ಕಾನೂನೇ ಹೇಳಿತ್ತು.

2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆ ಸಂಸತ್ತಿಗೆ ಬಂತು. ಅದರ 44(3)ನೇ ಪ್ರಕರಣ 'ಜೆ' ಖಂಡವನ್ನು ತೆಗೆದು, 'ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ' ಎಂಬಷ್ಟನ್ನೇ ಇಟ್ಟಿತು. ಷರತ್ತುಗಳೆಲ್ಲ ಹೋದವು. ಅದರ ಜೊತೆಗಿದ್ದ 'ಪರಂತು' ಕೂಡ ಹೋಯಿತು ಎಂಬುದು ವಿರೋಧಿಸುವವರ ಆಕ್ಷೇಪ. ಲೋಕಸಭೆಯಲ್ಲಿ ಅದು ಮಣಿಪುರದ ಗದ್ದಲದ ನಡುವೆ ಧ್ವನಿಮತದಿಂದ ಪಾಸಾಯಿತು. ಕೂಗು ಪ್ರಶ್ನೆಯ ಜಾಗವನ್ನು ನುಂಗಿದರೆ ಆಗುವ ನಷ್ಟ ಇದು. ಮಣಿಪುರದ ಮಾತು ಮುಖ್ಯವೇ, ಆದರೆ ಆ ದಿನ ಈ ಕಲಮನ್ನು ಬಿಡಿಸಿ ನೋಡುವ ಅವಕಾಶವೂ ಹೋಯಿತು. ಕೊನೆಗೆ 2025ರ ಮಾರ್ಚಿಯಲ್ಲಿ ಜೈರಾಂ ರಮೇಶ್ ಮಂತ್ರಿ ಅಶ್ವಿನಿ ವೈಷ್ಣವ್ ಅವರಿಗೆ ಪತ್ರ ಬರೆದರು. ಏಪ್ರಿಲ್‌ನಲ್ಲಿ ವಿರೋಧ ಪಕ್ಷಗಳ 120ಕ್ಕೂ ಹೆಚ್ಚು ಸಂಸದರು ರುಜು ಹಾಕಿ 44(3)ನ್ನು ತೆಗೆಯಿರಿ ಎಂದು ಮನವಿ ಮಾಡಿದರು. ಆದರೂ ಅದೇ ವರ್ಷದ ನವೆಂಬರ್‌ನಲ್ಲಿ ಆ ಪ್ರಕರಣ ಜಾರಿಗೆ ಬಂತು.

ಸರ್ಕಾರದ ವಾದವನ್ನೂ ಕೇಳಬೇಕು, ಅದು ನ್ಯಾಯ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ತೀರ್ಪು ಕೊಟ್ಟಿದೆ. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆ. ಸಾರ್ವಜನಿಕ ಹಿತವಿದ್ದರೆ ಮಾಹಿತಿ ಕೊಡಬಹುದೆಂಬ 8(2)ನೇ ಉಪಪ್ರಕರಣ ಹಾಗೇ ಉಳಿದಿದೆ, ಭಯವೇಕೆ ಎಂದೂ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಆ ಹಿತವನ್ನು ತೂಗುವವನು ಮಾಹಿತಿ ಇಟ್ಟುಕೊಂಡ ಅಧಿಕಾರಿಯೇ. ಕೂಲಿ ಪಟ್ಟಿಯಲ್ಲಿ ಹೆಸರಿದೆ, ಪಡಿತರ ಪಟ್ಟಿಯಲ್ಲಿ ಹೆಸರಿದೆ, ವಿದ್ಯಾರ್ಥಿ ವೇತನದ ಪಟ್ಟಿಯಲ್ಲೂ ಹೆಸರಿದೆ. ಹೆಸರೆಲ್ಲ ವೈಯಕ್ತಿಕ ಎಂದು ಗುಮಾಸ್ತ ಕಡತ ಮುಚ್ಚಿಟ್ಟರೆ, ಆ ರಾಜಸ್ಥಾನದ ಕಳ್ಳಲೆಕ್ಕ ಹೇಗೆ ಸಿಕ್ಕಿಬೀಳುತ್ತಿತ್ತು?

ಇಷ್ಟು ಹೇಳಿ ವಿರೋಧ ಪಕ್ಷದವರನ್ನು ಹೊಗಳಿ ಮುಗಿಸಿದರೆ ಅದು ಅರ್ಧ ಲೆಕ್ಕ. 2013ರ ಜೂನ್‌ನಲ್ಲಿ ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳೂ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತವೆ ಎಂದಿತು. ಕಾಂಗ್ರೆಸ್, ಬಿಜೆಪಿ, ಎರಡೂ ಕಮ್ಯುನಿಸ್ಟ್ ಪಕ್ಷಗಳು, ಎನ್‌ಸಿಪಿ, ಬಿಎಸ್‌ಪಿ, ಯಾರೂ ತಮ್ಮ ಪುಸ್ತಕ ತೆರೆಯಲಿಲ್ಲ. ಪಕ್ಷಗಳನ್ನು ಹೊರಗಿಡುವ ಮಸೂದೆಯನ್ನು ಆಗಿನ ಕಾಂಗ್ರೆಸ್ ನೇತೃತ್ವದ ಸರ್ಕಾರವೇ ತಂದಿತ್ತು. ಅದು ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. ಇಂದು ಕೇಳುವ ಬೆಂಚಿನಲ್ಲಿರುವವನು ನಾಳೆ ಉತ್ತರಿಸುವ ಬೆಂಚಿಗೆ ಹೋಗುತ್ತಾನೆ. ಅಲ್ಲಿ ಕೂತಕೂಡಲೆ ಅವನಿಗೂ ಪ್ರಶ್ನೆ ಕಹಿಯಾಗುತ್ತದೆ. ಆದ್ದರಿಂದ ಈ ಹಕ್ಕನ್ನು ಯಾವ ಪಕ್ಷದ ಕೈಗೂ ಒಪ್ಪಿಸಿ ನಾವು ನಿಶ್ಚಿಂತರಾಗಿರುವಂತಿಲ್ಲ.

ಕೊನೆಗೆ ಒಂದು ಉಪಯೋಗದ ಮಾತು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರಿಗೆ ಸರ್ಕಾರಿ ಕಾಗದ ಎಂದರೆ ಇಂಗ್ಲಿಷಿನ ಹೆದರಿಕೆ. ಆದರೆ ಮಾಹಿತಿ ಹಕ್ಕಿನ ಅರ್ಜಿಯನ್ನು ಆ ಪ್ರದೇಶದ ಅಧಿಕೃತ ಭಾಷೆಯಲ್ಲೇ ಬರೆಯಬಹುದು. ಮೌದಾದಲ್ಲಿ ಮರಾಠಿ, ಕರ್ನಾಟಕದಲ್ಲಿ ಕನ್ನಡ. ಏಕೆ ಬೇಕು ಎಂದು ಕಾರಣ ಹೇಳಬೇಕಾಗಿಲ್ಲ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಕೊಡದಿದ್ದರೆ ಮೇಲ್ಮನವಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳೊಳಗೆ ಇರಲಿ. ನಮ್ಮ ಸಂಘದಲ್ಲಿ ಇಷ್ಟೊಂದು ಪ್ರಬಂಧ ಬರೆಯುತ್ತೇವೆ, 150 ಪದದ ಕನ್ನಡ ಬರೆಯಲಾರೆವೆ? ವಿದ್ಯಾರ್ಥಿ ವೇತನ ಎಷ್ಟು ಮಂಜೂರಾಯಿತು, ಎಷ್ಟು ಹಂಚಿಕೆಯಾಯಿತು, ಉಳಿದದ್ದು ಎಲ್ಲಿದೆ ಎಂಬುದರಿಂದಲೇ ಆರಂಭಿಸಬಹುದು. 'ಇದು ವೈಯಕ್ತಿಕ ಮಾಹಿತಿ' ಎಂಬ ಉತ್ತರ ಬಂದರೆ ಅದನ್ನು ಹರಿದು ಎಸೆಯಬೇಡಿ, ಜೋಪಾನವಾಗಿಡಿ. ಮೇಲ್ಮನವಿಗೆ ಅದೇ ಆಧಾರ. ಸದನದಲ್ಲಿ ಪ್ರಶ್ನೆ ಕೇಳಬಲ್ಲ ಶಾಸಕರ ಕೈಗೆ ಕೊಡಲಿಕ್ಕೂ ಅದೇ ಕಾಗದ ಬೇಕು.