ಹೊಲದ ತೇವಾಂಶ ಮಾಪಕದಿಂದ ಸುದ್ದಿ ನಿಂತಾಗ: ದೋಷ ಪತ್ತೆ ಮತ್ತು ಪರಿಹಾರ

ನೀರಾವರಿ ಬೇಸಾಯದಲ್ಲಿ ಎಷ್ಟು ನೀರು ಕೊಡಬೇಕೆಂಬುದರಷ್ಟೇ ಯಾವಾಗ ಕೊಡಬೇಕೆಂಬುದೂ ಮುಖ್ಯ. ಇದನ್ನು ತಿಳಿಯಲು ಬೇರಿನ ವಲಯದಲ್ಲಿ ತೇವಾಂಶ ಮಾಪಕವನ್ನು ಹೂತು, ಅದರ ಅಳತೆಯನ್ನು ರೇಡಿಯೊ ಮೂಲಕ ಮನೆಗೆ ತರಿಸಿಕೊಳ್ಳುವ ಪುಟ್ಟ ಉಪಕರಣಗಳು ಈಗ ರೈತರ ಕೈಗೆ ಬಂದಿವೆ. ಇವು ಉಪಯುಕ್ತವೇನೋ ಹೌದು. ಆದರೆ ಸುದ್ದಿ ಬರುವುದು ನಿಂತಾಗ ಏನು ಮಾಡಬೇಕೆಂಬುದನ್ನು ತಿಳಿದಿರದಿದ್ದರೆ ಬೆಳೆಗೆ ಪೆಟ್ಟು ಬೀಳುತ್ತದೆ.

ಮಂಡ್ಯದ ಕಡೆಯ ಒಂದು ಕಬ್ಬಿನ ಗದ್ದೆಯಲ್ಲಿ ನಾವು ಕಂಡ ಸಂಗತಿ ಇದು. ನಾಟಿಯಾಗಿ ಐದು ತಿಂಗಳಾಗಿತ್ತು. ಮನೆಯ ಕಂಪ್ಯೂಟರಿನ ಪರದೆಯ ಮೇಲೆ ತೇವಾಂಶ ಒಂಬತ್ತು ದಿನಗಳಿಂದ ಒಂದೇ ಅಂಕಿಯಲ್ಲಿ ನಿಂತಿತ್ತು. ನೆಲದಲ್ಲಿ ಇನ್ನೂ ಹದವಿದೆಯೆಂದು ಭಾವಿಸಿ ರೈತರು ನೀರು ಹಾಯಿಸಲಿಲ್ಲ. ಗದ್ದೆಗೆ ಹೋಗಿ ನೋಡಿದಾಗ ಗರಿಗಳು ಸುರುಳಿ ಸುತ್ತಿಕೊಂಡಿದ್ದವು. ಮಾಪಕ ಕೆಟ್ಟಿರಲಿಲ್ಲ. ಸುದ್ದಿ ಮನೆ ತಲುಪುತ್ತಿರಲಿಲ್ಲ. ಪರದೆ ಕೊನೆಯ ಬಾರಿ ಬಂದ ಅಂಕಿಯನ್ನೇ ತೋರಿಸುತ್ತಿತ್ತು. ಕಬ್ಬು ಭರದಿಂದ ಬೆಳೆಯುವ ಕಾಲದಲ್ಲಿ ನೀರಿನ ಕೊರತೆಯಾದರೆ ಗೆಣ್ಣುಗಳು ಗಿಡ್ಡವಾಗುತ್ತವೆ. ಹಾಗೆ ಕಳೆದ ಬೆಳವಣಿಗೆ ಪೂರ್ತಿಯಾಗಿ ಮರಳಿ ಬರುವುದಿಲ್ಲ.

ಉಪಕರಣದ ಪರಿಚಯ

ಈ ವ್ಯವಸ್ಥೆಗೆ ಎರಡು ತುದಿಗಳಿವೆ. ಹೊಲದ ತುದಿಯಲ್ಲಿ ಮಾಪಕ, ಒಂದೇ ಹಲಗೆಯ ಮೇಲೆ ಕಟ್ಟಿದ ಪುಟ್ಟ ಗಣಕ, ರೇಡಿಯೊ ಬಿಲ್ಲೆ, ಆಂಟೆನಾ ಮತ್ತು ಬ್ಯಾಟರಿ ಇರುತ್ತವೆ. ಮನೆಯ ತುದಿಯಲ್ಲಿ ರಾಸ್‌ಬೆರಿ ಪೈ ತರಹದ ಕಂಪ್ಯೂಟರ್ ಮತ್ತು ಅಂಥದ್ದೇ ರೇಡಿಯೊ ಇರುತ್ತವೆ. ಹೆಚ್ಚಾಗಿ ಬಳಕೆಯಲ್ಲಿರುವುದು ‘ಲೋರಾ’ ಎಂಬ ಪದ್ಧತಿ. ಇದು ಅತಿ ಕಡಿಮೆ ಶಕ್ತಿಯಲ್ಲಿ ಸಣ್ಣ ಸುದ್ದಿಯನ್ನು ಬಹು ದೂರ ಕಳಿಸುತ್ತದೆ. ನಮ್ಮ ದೇಶದಲ್ಲಿ ಇಂಥ ಕಡಿಮೆ ಶಕ್ತಿಯ ಉಪಕರಣಗಳಿಗೆ 2005ರಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸಿನಿಂದ ಮುಕ್ತಗೊಳಿಸಲಾಯಿತು. 2021ರಲ್ಲಿ ಅದನ್ನು 868ರವರೆಗೆ ವಿಸ್ತರಿಸಲಾಯಿತು. ಕೊಳ್ಳುವಾಗ ಈ ಪಟ್ಟಿಯ ರೇಡಿಯೊವನ್ನೇ ಕೇಳಿ ಪಡೆಯಬೇಕು.

ಮೊದಲು ಮೇಜಿನ ಮೇಲೆ ಪರೀಕ್ಷೆ

ಸುದ್ದಿ ನಿಂತ ಕೂಡಲೇ ಕಂಡ ಕಂಡ ತಂತಿಗಳನ್ನು ಕಿತ್ತು ಜೋಡಿಸಬಾರದು. ಹೊಲದ ಪೆಟ್ಟಿಗೆಯನ್ನು ಮನೆಗೆ ತಂದು, ಎರಡನ್ನೂ ನಾಲ್ಕೈದು ಮೀಟರ್ ಅಂತರದಲ್ಲಿಟ್ಟು ನೋಡಬೇಕು. ತೀರ ಪಕ್ಕದಲ್ಲಿಟ್ಟರೆ ಪ್ರಬಲ ಸಂಕೇತದಿಂದ ಗ್ರಾಹಕ ಗೊಂದಲಗೊಳ್ಳುವುದುಂಟು. ಇಲ್ಲಿ ಸುದ್ದಿ ಬಂದರೆ ದೋಷವನ್ನು ಆಂಟೆನಾ, ದೂರ ಮತ್ತು ಎತ್ತರಗಳಲ್ಲಿ ಹುಡುಕಬೇಕು. ಇಲ್ಲಿಯೂ ಬಾರದಿದ್ದರೆ ವಿದ್ಯುತ್, ತಂತಿ ಅಥವಾ ಹೊಂದಾಣಿಕೆಯಲ್ಲಿ ದೋಷವಿದೆ. ಈ ಒಂದು ಪರೀಕ್ಷೆಯಿಂದ ಅರ್ಧ ಕೆಲಸ ಮುಗಿಯುತ್ತದೆ. ಅನಂತರ ಒಂದು ಬಾರಿಗೆ ಒಂದನ್ನೇ ಬದಲಿಸಿ, ಫಲಿತಾಂಶವನ್ನು ಪುಸ್ತಕದಲ್ಲಿ ಬರೆದಿಡಬೇಕು.

1. ವಿದ್ಯುತ್ ಪೂರೈಕೆ

ರೇಡಿಯೊ ಬಿಲ್ಲೆಗೆ 3.3 ವೋಲ್ಟ್ ಬೇಕು. ನಿದ್ರಾಸ್ಥಿತಿಯಲ್ಲಿ ಅದು ಬಳಸುವ ವಿದ್ಯುತ್ ಲೆಕ್ಕಕ್ಕೇ ಇಲ್ಲ. ಆದರೆ ಪೂರ್ಣ ಬಲದಲ್ಲಿ ಸುದ್ದಿ ಕಳಿಸುವ ಕ್ಷಣದಲ್ಲಿ ಸುಮಾರು 120 ಮಿಲಿ ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ದುರ್ಬಲವಾಗಿದ್ದರೆ ಆ ಕ್ಷಣದಲ್ಲೇ ವೋಲ್ಟೇಜ್ ಕುಸಿದು ಗಣಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಸುಮ್ಮನಿದ್ದಾಗ ಮಲ್ಟಿಮೀಟರ್ ಹಿಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಸುದ್ದಿ ಕಳಿಸುತ್ತಿರುವಾಗಲೇ ಅಳೆಯಬೇಕು. ರೇಡಿಯೊವಿನ ವಿದ್ಯುತ್ ಕಾಲುಗಳಿಗೆ ಹತ್ತಿರದಲ್ಲಿ 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸೆದರೆ ಈ ತೊಂದರೆ ಸ್ವಲ್ಪಮಟ್ಟಿಗೆ ತಗ್ಗಬಹುದು.

ವೋಲ್ಟೇಜ್ ನಿಯಂತ್ರಕದ ಆಯ್ಕೆಯೂ ಮುಖ್ಯ. ಅಗ್ಗದ ಹಲಗೆಗಳಲ್ಲಿರುವ 1117 ಜಾತಿಯ ನಿಯಂತ್ರಕಕ್ಕೆ ಹೊರಗೆ 3.3 ವೋಲ್ಟ್ ಕೊಡಲು ಒಳಗೆ ಸುಮಾರು 4.4 ವೋಲ್ಟ್ ಬೇಕು. ಲಿಥಿಯಂ ಬ್ಯಾಟರಿ ತುಂಬಿದಾಗಲೂ ಕೊಡುವುದು 4.2 ವೋಲ್ಟ್. ಅಲ್ಲದೆ ಈ ನಿಯಂತ್ರಕ ಸುಮ್ಮನಿರುವಾಗಲೂ ಸುಮಾರು 5 ಮಿಲಿ ಆಂಪಿಯರ್ ತಿನ್ನುತ್ತದೆ. ಈ ಲೆಕ್ಕದಲ್ಲಿ 2400 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿ ಏನೂ ಕೆಲಸ ಮಾಡದೆಯೇ 20 ದಿನಗಳಲ್ಲಿ ಬರಿದಾಗುತ್ತದೆ. ಇಂಥ ಹಲಗೆಯ ಬದಲು ಬ್ಯಾಟರಿಗೆಂದೇ ಮಾಡಿದ, ಕಡಿಮೆ ಬಳಕೆಯ ನಿಯಂತ್ರಕವಿರುವುದನ್ನು ಆರಿಸಬೇಕು.

2. ಆಂಟೆನಾ

ಆಂಟೆನಾ ಇಲ್ಲದೆ ರೇಡಿಯೊವನ್ನು ಎಂದೂ ಚಾಲೂ ಮಾಡಬಾರದು, ಬಿಲ್ಲೆ ಸುಟ್ಟುಹೋಗಬಹುದು. 866 ಮೆಗಾಹರ್ಟ್ಸಿಗೆ ತರಂಗದ ಉದ್ದ ಸುಮಾರು 34.6 ಸೆಂ.ಮೀ. ನೇರ ತಂತಿಯ ಆಂಟೆನಾ ಇದರ ಕಾಲು ಭಾಗ, ಅಂದರೆ ಸುಮಾರು 8.2ರಿಂದ 8.6 ಸೆಂ.ಮೀ. ಇರಬೇಕು. 433 ಮೆಗಾಹರ್ಟ್ಸಿನ ಆಂಟೆನಾ ನೋಡಲು ಒಂದೇ ಬಗೆಯಾಗಿದ್ದರೂ ಇದಕ್ಕೆ ಸಲ್ಲದು. ಆಂಟೆನಾ ನೆಟ್ಟಗೆ ನಿಂತಿರಬೇಕು; ಎರಡೂ ತುದಿಗಳಲ್ಲಿ ಒಂದೇ ರೀತಿ ಇರಬೇಕು. ಕಬ್ಬಿಣದ ಪೆಟ್ಟಿಗೆಯೊಳಗೆ ಅಥವಾ ತಗಡಿನ ಮಾಡಿನ ಕೆಳಗೆ ಇಡಬಾರದು. ಮಳೆಗಾಲದ ನಂತರ ಜೋಡಣೆಯ ತಿರುಪನ್ನು ಬಿಚ್ಚಿ ನೋಡಿ. ಅಲ್ಲಿ ಹಸಿರು ಕಿಲುಬು ಹಿಡಿದಿದ್ದರೆ ಬದಲಿಸಬೇಕು.

3. ಎರಡೂ ತುದಿಗಳ ಹೊಂದಾಣಿಕೆ

ಆವರ್ತನ, ಪಟ್ಟಿಯ ಅಗಲ, ಸ್ಪ್ರೆಡಿಂಗ್ ಫ್ಯಾಕ್ಟರ್ ಮತ್ತು ಸಿಂಕ್ ವರ್ಡ್ ಈ ನಾಲ್ಕೂ ಎರಡು ಕಡೆ ಒಂದೇ ಇರಬೇಕು. ಒಂದು ತಪ್ಪಿದರೂ ಸುದ್ದಿ ದಾಟುವುದಿಲ್ಲ. ಸ್ಪ್ರೆಡಿಂಗ್ ಫ್ಯಾಕ್ಟರನ್ನು 7ರಿಂದ 12ಕ್ಕೆ ಏರಿಸಿದರೆ ದೂರ ಹೆಚ್ಚುತ್ತದೆ, ಆದರೆ ಬ್ಯಾಟರಿಯೂ ಹೆಚ್ಚು ಖರ್ಚಾಗುತ್ತದೆ. 125 ಕಿಲೋಹರ್ಟ್ಸ್ ಅಗಲದಲ್ಲಿ 20 ಬೈಟಿನ ಒಂದು ಸುದ್ದಿಗೆ 7ರಲ್ಲಿ ಸುಮಾರು 0.06 ಸೆಕೆಂಡು, 12ರಲ್ಲಿ ಸುಮಾರು 1.3 ಸೆಕೆಂಡು ಹಿಡಿಯುತ್ತದೆ. ಆದ್ದರಿಂದ ಆಂಟೆನಾವನ್ನು ಸರಿಪಡಿಸಿ ಎತ್ತರಿಸಿದ ನಂತರವೇ ಇದನ್ನು ಏರಿಸಬೇಕು. ಹಲವು ಮಾಪಕಗಳಿದ್ದಲ್ಲಿ ಎಲ್ಲವೂ ಒಂದೇ ನಿಮಿಷದಲ್ಲಿ ಸುದ್ದಿ ಕಳಿಸದಂತೆ ಸಮಯವನ್ನು ಹಂಚಬೇಕು.

4. ಎತ್ತರ ಮತ್ತು ಬೆಳೆ

ಮೇಲೆ ಹೇಳಿದ ಗದ್ದೆಯಲ್ಲಿ ನಡೆದದ್ದು ಇದೇ. ನಾಟಿಯ ಕಾಲದಲ್ಲಿ ಗೂಟದ ಮೇಲೆ ಒಂದು ಮೀಟರ್ ಎತ್ತರದಲ್ಲಿದ್ದ ಆಂಟೆನಾ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಕಬ್ಬು ಆಳೆತ್ತರ ಮೀರಿದಾಗ ಅದು ಪೈರಿನೊಳಗೆ ಮುಳುಗಿತು. ನೀರು ತುಂಬಿದ ಹಸಿರೆಲೆ ರೇಡಿಯೊ ತರಂಗವನ್ನು ಹೀರುತ್ತದೆ. ಮಳೆಯಲ್ಲಿ ನೆನೆದ ಎಲೆ ಇನ್ನೂ ಹೆಚ್ಚು.

ತರಂಗ ದಾರದಂತೆ ಒಂದೇ ಗೆರೆಯಲ್ಲಿ ಸಾಗುವುದಿಲ್ಲ. ನಡುವೆ ಉಬ್ಬಿದ ಕದಿರಿನಾಕಾರದ ಜಾಗ ಅದಕ್ಕೆ ಬೇಕು. 500 ಮೀಟರ್ ದೂರಕ್ಕೆ ನಡುಮಧ್ಯದಲ್ಲಿ ಈ ಜಾಗದ ತ್ರಿಜ್ಯ ಸುಮಾರು 6.6 ಮೀಟರ್, ಒಂದು ಕಿಲೋಮೀಟರಿಗೆ ಸುಮಾರು 9.3 ಮೀಟರ್. ಇದರಲ್ಲಿ ಶೇಕಡ 60ರಷ್ಟಾದರೂ ತೆರವಾಗಿದ್ದರೆ ಒಳ್ಳೆಯದು. ಹೊಲದಲ್ಲಿ ಇಷ್ಟು ಎತ್ತರ ಕಷ್ಟವಾದ್ದರಿಂದ ಮನೆಯ ಆಂಟೆನಾವನ್ನು ತಾರಸಿಯ ಮೇಲಿನ ಕಂಬಕ್ಕೆ ಏರಿಸಬೇಕು. ಹೊಲದ ಆಂಟೆನಾವನ್ನು ಬೆಳೆ ಪೂರ್ತಿ ಬೆಳೆದಾಗಿನ ಎತ್ತರಕ್ಕಿಂತ ಒಂದು ಮೀಟರ್ ಮೇಲೆ, ನಾಟಿಯ ದಿನವೇ ಕಟ್ಟಬೇಕು. ಆ ಗದ್ದೆಯಲ್ಲಿ ಬಿದಿರು ಗಳುವಿನಿಂದ ಆಂಟೆನಾ ಎತ್ತರಿಸಿದ ದಿನವೇ ಸುದ್ದಿ ಮತ್ತೆ ಬರತೊಡಗಿತು.

5. ಮನೆಯ ತುದಿ

ಕರೆಂಟು ಹೋದಾಗ ಮನೆಯ ಕಂಪ್ಯೂಟರ್ ನಿಂತರೆ ಹೊಲದಿಂದ ಬಂದ ಸುದ್ದಿಯನ್ನು ಕೇಳುವವರೇ ಇಲ್ಲ. ಮತ್ತೆ ಮತ್ತೆ ಹೀಗಾದರೆ ಅದರ ನೆನಪಿನ ಕಾರ್ಡೂ ಕೆಡುತ್ತದೆ. ಸಣ್ಣ ಬ್ಯಾಟರಿಯ ಆಸರೆ ಕೊಡುವುದು ಸೂಕ್ತ.

ಮೌನವನ್ನು ತೇವವೆಂದು ತಿಳಿಯಬಾರದು

ಯಾವ ಉಪಕರಣವೂ ಒಂದಲ್ಲ ಒಂದು ದಿನ ಕೆಡುತ್ತದೆ. ಕೆಟ್ಟಿದೆಯೆಂದು ಗೊತ್ತಾಗದಿರುವುದೇ ದೊಡ್ಡ ಅಪಾಯ. ಆದ್ದರಿಂದ ಉಪಕರಣ ಹಾಕಿಸುವಾಗಲೇ ಈ ಮೂರನ್ನು ಕೇಳಿ ಮಾಡಿಸಿಕೊಳ್ಳಬೇಕು:

ಅ) ಪರದೆಯ ಮೇಲೆ ತೇವಾಂಶದ ಜೊತೆಗೆ ಕೊನೆಯ ಸುದ್ದಿ ಬಂದ ದಿನ ಮತ್ತು ಗಂಟೆ ಕಾಣಬೇಕು.

ಆ) ಪ್ರತಿ ಸುದ್ದಿಯೊಂದಿಗೆ ಕ್ರಮಸಂಖ್ಯೆ ಮತ್ತು ಬ್ಯಾಟರಿಯ ವೋಲ್ಟೇಜ್ ಬರಬೇಕು. ನಡುವೆ ಸಂಖ್ಯೆಗಳು ತಪ್ಪುತ್ತಿದ್ದರೆ ಸಂಪರ್ಕ ಸೊರಗುತ್ತಿದೆ ಎಂದರ್ಥ. ಸಂಖ್ಯೆ ಮತ್ತೆ ಮತ್ತೆ ಒಂದರಿಂದ ಶುರುವಾಗುತ್ತಿದ್ದರೆ ವಿದ್ಯುತ್ತಿನ ದೋಷವೆಂದು ಶಂಕಿಸಬೇಕು.

ಇ) ಆರು ಗಂಟೆಗಳ ಕಾಲ ಸುದ್ದಿ ಬಾರದಿದ್ದರೆ ಅಂಕಿ ಅಳಿಸಿಹೋಗಿ ‘ಸುದ್ದಿ ಇಲ್ಲ’ ಎಂದು ತೋರಬೇಕು.

ಇಷ್ಟಾದರೂ ವಾರಕ್ಕೊಮ್ಮೆ ಹೊಲಕ್ಕೆ ಹೋಗಿ, ಬೇರಿನ ಆಳದ ಮಣ್ಣನ್ನು ಹಿಡಿಯಲ್ಲಿ ತೆಗೆದು ಉಂಡೆ ಕಟ್ಟಿ ನೋಡುವ ರೂಢಿಯನ್ನು ಬಿಡಬಾರದು. ಉಂಡೆ ಹೇಳುವುದಕ್ಕೂ ಪರದೆ ಹೇಳುವುದಕ್ಕೂ ತಾಳೆಯಾಗದಿದ್ದರೆ, ಆ ದಿನ ಉಂಡೆಯ ಮಾತು ನಂಬಿ ನೀರು ಕೊಡಿ. ಉಪಕರಣದ ರಿಪೇರಿಯನ್ನು ಮರುದಿನಕ್ಕೆ ಇಟ್ಟುಕೊಳ್ಳಿ.